ಹಾಳೆ ಬಲೆಯ ಜೇಡವೋ, ಆಲಿಕೆ ಬಲೆಯ ಜೇಡವೋ?

ಇಬ್ಬನಿ ಬಿದ್ದ ಬೆಳಗ್ಗೆ ಪೊದೆ, ಹುಲ್ಲಿನ ಮೇಲೆಲ್ಲ ಬಿಳಿ ಹಾಳೆಯಂಥ ಬಲೆಗಳು ಎದ್ದು ಕಾಣುತ್ತವೆ. ಎಲ್ಲವೂ ಒಂದೇ ಜೇಡದ ಕೆಲಸ ಅನ್ನಿಸುತ್ತದೆ, ಅಲ್ವಾ? ಬಲೆಗಿಂತ ಮೊದಲು ಜೇಡ ಎಲ್ಲಿ ಕೂತಿದೆ ಅಂತ ನೋಡಿ. ನನ್ನ ಪ್ರಕಾರ ಇದಕ್ಕಿಂತ ಸುಲಭದ ಗುರುತು ಇಲ್ಲ.

ಹಾಳೆಯ ಅಡಿಯಲ್ಲಿ ತಲೆಕೆಳಗಾಗಿ ನೇತಾಡುವ ಪುಟ್ಟ ಜೇಡವಾದರೆ ಅದು ಹಾಳೆ ಬಲೆಯ ಜೇಡ, ಅಂದರೆ ಲಿನಿಫಿಯಿಡೆ ಕುಟುಂಬದ್ದಿರಬಹುದು. ಮೈ ಸಾಮಾನ್ಯವಾಗಿ 7 ಮಿಲಿಮೀಟರ್ ಒಳಗೆ. ಹಾಳೆಯ ಮೇಲ್ಗಡೆ ಅಡ್ಡಾದಿಡ್ಡಿ ಎಳೆಗಳ ಗೋಜಲು ಇರುತ್ತದೆ. ಹಾರುವ ಹುಳ ಅದಕ್ಕೆ ಬಡಿದು ಹಾಳೆಗೆ ಬೀಳುತ್ತದೆ. ಜೇಡ ಕೆಳಗಿನಿಂದಲೇ ಕಚ್ಚಿ ಎಳೆದುಕೊಳ್ಳುತ್ತದೆ. ಇವುಗಳಲ್ಲೂ ಬಗೆಗಳಿವೆ. ನೆರಿಯೀನ್ ರೇಡಿಯಾಟದ ಬಲೆ ಗುಮ್ಮಟದಂತೆ. ಫ್ರಾಂಟಿನೆಲ್ಲ ಬೋಗುಣಿ ಹೆಣೆದು, ಅದರ ಕೆಳಗೆ ಇನ್ನೊಂದು ಹಾಳೆಯನ್ನೂ ಹಾಸುತ್ತದೆ.

ಆಲಿಕೆ ಬಲೆಯ ಜೇಡ ಹಾಗಲ್ಲ. ಹಾಳೆಯ ಒಂದು ಕಡೆ ಕೊಳವೆಯಂಥ ಬಿಲ, ಅದರ ಬಾಯಲ್ಲಿ ಜೇಡ. ಹುಳ ಬಿದ್ದರೆ ಹಾಳೆಯ ಮೇಲೆಯೇ ಓಡಿಬರುತ್ತದೆ. ಗಾತ್ರ ಜಾಸ್ತಿ, ಹಿಂಭಾಗದಲ್ಲಿ ನೂಲು ತೆಗೆಯುವ ಎರಡು ಉದ್ದ ಕಡ್ಡಿಗಳು ಕಾಣುತ್ತವೆ.

ಮೋಸ ಮಾಡುವುದು ಡೇರೆ ಬಲೆಯ ಸಿರ್ಟೊಫೋರ. ಅದೂ ತಲೆಕೆಳಗಾಗಿಯೇ ಇರುತ್ತದೆ. ಆದರೆ ಹಾಳೆಯನ್ನು ಹತ್ತಿರದಿಂದ ನೋಡಿ: ಸೊಳ್ಳೆ ಪರದೆಯಂಥ ಅಚ್ಚುಕಟ್ಟಾದ ಸಣ್ಣ ಕಣ್ಣುಗಳು. ಲಿನಿಫಿಯಿಡೆ ಹಾಳೆಯಲ್ಲಿ ಅಂಥ ಶಿಸ್ತು ಇರುವುದಿಲ್ಲ.

ಇಬ್ಬನಿ ಇಲ್ಲವಾ? ನೀರನ್ನು ಮಂಜಿನಂತೆ ಸಿಂಪಡಿಸಿ. ಸುಮ್ನೆ ಕಡ್ಡಿ ಹಾಕಿ ಕೆದಕಬೇಡಿ, ಜೇಡ ಅಡಗಿಕೊಳ್ಳುತ್ತದೆ.