ಬ್ರಿಟನ್ ಸುಪ್ರೀಂ ಕೋರ್ಟ್ ವಿಡಿಯೋ: ಸ್ಕಾಟ್ಲೆಂಡ್ ಕೇಸಿಗೆ ನಾಲ್ಕು ಸ್ಟಾರ್

ಬ್ರಿಟನ್ ಸುಪ್ರೀಂ ಕೋರ್ಟ್ ತನ್ನ ವಿಚಾರಣೆ ವಿಡಿಯೋಗಳನ್ನ ವೆಬ್‌ಸೈಟಲ್ಲೇ ಹಾಕುತ್ತೆ, ದುಡ್ಡೇನೂ ಕೊಡಬೇಕಾಗಿಲ್ಲ, ನಮ್ಮ ಹೈಕೋರ್ಟ್ ಲೈವ್ ನೋಡೋ ಚಟ ಇರೋರಿಗೆ ಇದೂ ಹಿಡಿಸುತ್ತೆ. ನಾನು ನೋಡಿದ್ದು ಸ್ಕಾಟ್ಲೆಂಡ್ ಕೇಸು, 2022ರ ಅಕ್ಟೋಬರ್ 11, 12 ಎರಡು ದಿನದ ವಾದ, ಆಮೇಲೆ ನವೆಂಬರ್ 23ರ ತೀರ್ಪು. ಲಂಡನ್, ಅಂದ್ರೆ ಬ್ರಿಟನ್ ಸರ್ಕಾರದ ಒಪ್ಪಿಗೆ ಇಲ್ದೆ ಸ್ಕಾಟ್ಲೆಂಡ್ ಪಾರ್ಲಿಮೆಂಟ್ ತಾನೇ ಸ್ವಾತಂತ್ರ್ಯದ ರೆಫರೆಂಡಮ್ (ಜನರ ಓಟು) ಇಡಬಹುದಾ ಅನ್ನೋದು ಪ್ರಶ್ನೆ.

ಮಜಾ ಏನಂದ್ರೆ ಕೋರ್ಟಿಗೆ ಬಂದಿದ್ದು ಸ್ಕಾಟ್ಲೆಂಡ್ ಸರ್ಕಾರದ್ದೇ ದೊಡ್ಡ ವಕೀಲೆ ಡೊರೊತಿ ಬೇನ್. ಈ ರೆಫರೆಂಡಮ್ ಮಸೂದೆ ನಮ್ಮ ಪಾರ್ಲಿಮೆಂಟಿನ ಅಧಿಕಾರದೊಳಗೇ ಇದೆ ಅಂತ ಖಾತ್ರಿ ಕೊಡೋಷ್ಟು ಧೈರ್ಯ ಅವ್ರಿಗೇ ಇರ್ಲಿಲ್ಲ, ನೀವೇ ಹೇಳಿಬಿಡಿ ಅಂತ ಬಂದ್ರು. 1998ರ ಸ್ಕಾಟ್ಲೆಂಡ್ ಕಾಯ್ದೆ ಪ್ರಕಾರ ಇಂಗ್ಲೆಂಡ್ ಜೊತೆಗಿನ ಒಕ್ಕೂಟದ ವಿಷ್ಯ ವೆಸ್ಟ್‌ಮಿನ್ಸ್ಟರ್‌ಗೆ, ಅಂದ್ರೆ ಲಂಡನ್ನಿನ ಬ್ರಿಟನ್ ಪಾರ್ಲಿಮೆಂಟಿಗೆ ಮೀಸಲು. ರೆಫರೆಂಡಮ್ ಬರೀ ಸಲಹೆ ಅಷ್ಟೇ, ಕಾನೂನೇನೂ ತಾನಾಗೇ ಬದಲಾಗಲ್ಲ, ಹಾಗಾಗಿ ಮೀಸಲು ವಿಷ್ಯ ಮುಟ್ಟಿದ ಹಾಗಾಗಲ್ಲ ಅನ್ನೋ ವಾದ ಬೇನ್ ಇಟ್ರು, ಕೇಳೋಕೆ ಜಾಣತನವೇ, ಆದ್ರೆ ಐದೂ ಜಡ್ಜ್‌ಗಳು ಒಪ್ಲಿಲ್ಲ. ಜನ ಓಟ್ ಹಾಕಿ ಹೇಳಿದ್ಮೇಲೆ ಅದರ ರಾಜಕೀಯ ತೂಕ ಇದ್ದೇ ಇರುತ್ತಲ್ವಾ ಅನ್ನೋದು ಅವ್ರ ಲೆಕ್ಕ. ಸ್ವಾತಂತ್ರ್ಯ ಕೇಳೋ ಪಕ್ಷ ಎಸ್‌ಎನ್‌ಪಿ ಸ್ವಯಂನಿರ್ಣಯದ ಹಕ್ಕು (ನಮ್ಮ ಭವಿಷ್ಯ ನಾವೇ ತೀರ್ಮಾನಿಸೋ ಹಕ್ಕು) ಅಂದಿದ್ದಕ್ಕೆ, ಕ್ವಿಬೆಕ್ ಪ್ರಾಂತ್ಯ ಬೇರೆಯಾಗೋ ಬಗ್ಗೆ ಕೆನಡಾ ಕೋರ್ಟ್ ಕೊಟ್ಟ ತೀರ್ಪು ತೋರಿಸಿ, ಆ ಹಕ್ಕು ವಸಾಹತುಗಳಿಗೆ, ತುಳಿತಕ್ಕೆ ಸಿಕ್ಕ ಜನಕ್ಕೆ, ಇಲ್ಲಿಗಲ್ಲ ಅಂತ ಮುಗಿಸಿದ್ರು.

ಪೀಠದ ಮುಖ್ಯಸ್ಥ ಲಾರ್ಡ್ ರೀಡ್ ತೀರ್ಪಿನ ಸಾರಾಂಶ ಓದೋದಂತೂ ಸೂಪರ್, ಅವ್ರೂ ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲೇ ಹುಟ್ಟಿದೋರು, ಎಲ್ಲೂ ಎಳೆಯಲ್ಲ. ವಾದ ಮಾತ್ರ ಉದ್ದೋ ಉದ್ದ, ಸೆಕ್ಷನ್ನು ಶೆಡ್ಯೂಲು ಅಂತ ಪುಟ ತಿರುಗಿಸೋದೇ ಜಾಸ್ತಿ, ನಾನು ಮಧ್ಯೆ ಮಧ್ಯೆ ಓಡಿಸಿಬಿಟ್ಟೆ.

ಒಂದು ಸ್ಟಾರ್ ಕಟ್ ಮಾಡಿದ್ದು ಯಾಕಂದ್ರೆ ಇದೊಂದನ್ನೇ ನೋಡಿದ್ರೆ ಅರ್ಧ ಕಥೆ. 2014ರ ರೆಫರೆಂಡಮ್ ನಡೆದಿದ್ದು ಆಗಿನ ಬ್ರಿಟನ್ ಪ್ರಧಾನಿ ಕ್ಯಾಮರನ್, ಸ್ಕಾಟ್ಲೆಂಡ್ ಸರ್ಕಾರದ ಮುಖ್ಯಸ್ಥ ಸಾಲ್ಮಂಡ್ 2012ರಲ್ಲಿ ಕೂತು ಸಹಿ ಹಾಕಿದ್ದಕ್ಕೆ, ಲಂಡನ್ ತಾತ್ಕಾಲಿಕವಾಗಿ ಅಧಿಕಾರ ಬಿಟ್ಕೊಟ್ಟಿದ್ದಕ್ಕೆ. ಆಗ ಬೇಡ ಅಂದೋರು ಶೇ. 55. 2016ರ ಬ್ರೆಕ್ಸಿಟ್ ಓಟಲ್ಲಿ ಶೇ. 62 ಸ್ಕಾಟ್ಲೆಂಡ್ ಮತದಾರರು ಯುರೋಪಲ್ಲೇ ಇರೋಣ ಅಂದ್ರು, ಅದನ್ನೇ ಹಿಡ್ಕೊಂಡು ಸ್ಕಾಟ್ಲೆಂಡ್ ಸರ್ಕಾರ ಮತ್ತೆ ರೆಫರೆಂಡಮ್ ಕೇಳಿದ್ರೆ ಪ್ರಧಾನಿ ಥೆರೆಸಾ ಮೇನೂ ಇಲ್ಲ ಅಂದ್ರು, ಆಮೇಲೆ ಪ್ರಧಾನಿಯಾದ ಜಾನ್ಸನ್ನೂ ಇಲ್ಲ ಅಂದ್ರು. ತೀರ್ಪಾದ್ಮೇಲೆ ಆಗಿನ ಸ್ಕಾಟ್ಲೆಂಡ್ ಸರ್ಕಾರದ ಮುಖ್ಯಸ್ಥೆ, ಎಸ್‌ಎನ್‌ಪಿಯ ಸ್ಟರ್ಜನ್ ಮುಂದಿನ ಸಾರ್ವತ್ರಿಕ ಚುನಾವಣೆನೇ ರೆಫರೆಂಡಮ್ ಅಂದ್ಕೊಳ್ಳೋಣ ಅಂದ್ರು, ಚುನಾವಣೆ ಬರೋಷ್ಟರಲ್ಲಿ ಅವ್ರೇ ಕುರ್ಚಿ ಬಿಟ್ಟಿದ್ರು, 2024ರಲ್ಲಿ ಎಸ್‌ಎನ್‌ಪಿ 48 ಸೀಟಿಂದ 9ಕ್ಕೆ ಬಿತ್ತು. ಎಷ್ಟು ಓಟು ಬಂದ್ರೆ ಲಂಡನ್ ಒಪ್ಪಲೇಬೇಕು ಅಂತ ಎಲ್ಲೂ ಬರೆದಿಲ್ಲ ನೋಡಿ. ಉತ್ತರ ಐರ್ಲೆಂಡಿಗಾದ್ರೂ ಐರ್ಲೆಂಡ್ ಸೇರೋ ಬಗ್ಗೆ ಓಟು ಯಾವಾಗ ಇಡಬೇಕು ಅಂತ ಕಾನೂನಲ್ಲೇ ಒಂದು ದಾರಿ ಇದೆ, ಸ್ಕಾಟ್ಲೆಂಡಿಗೆ ಅದೂ ಇಲ್ಲ. ನನಗಂತೂ ಇದು ಸರಿ ಅನ್ಸಲ್ಲ, ಆದ್ರೆ ಅದಕ್ಕೆ ಜಡ್ಜ್‌ಗಳನ್ನ ಬೈದು ಪ್ರಯೋಜನ ಇಲ್ಲ, ಕಾಯ್ದೆ ಬರೆದಿದ್ದು ಅವ್ರಲ್ಲ.

ನೋಡೋರು ಮೊದ್ಲು ನವೆಂಬರ್ ವಿಡಿಯೋ ನೋಡಿ, ರುಚಿ ಹತ್ತಿದ್ರೆ ಮಾತ್ರ ಅಕ್ಟೋಬರಿಗೆ ಹೋಗಿ.