ಬರ್ಲಿನ್‌ನ ರೈಕ್‌ಸ್ಟಾಗ್ ಗುಮ್ಮಟ: ಬೈಯಲು ಹೋಗಿದ್ದೆ

ಹಳೇ ಕಟ್ಟಡದ ನೆತ್ತಿ ಮೇಲೆ ಗಾಜು, ಉಕ್ಕು ಕೂರಿಸಿದ್ದು ಕಂಡರೆ ನನಗೆ ಮೊದಲು ಸಿಟ್ಟೇ ಬರುತ್ತದೆ. ಜರ್ಮನಿಯ ಸಂಸತ್ತಿನ ಮೇಲಿರುವ ಈ ಗುಮ್ಮಟಕ್ಕೂ ಬೈಯಲು ರೆಡಿಯಾಗಿಯೇ ಹೋಗಿದ್ದೆ. ಆಗಲಿಲ್ಲ. ಹಾಗಂತ ಪೂರ್ತಿ ಹೊಗಳಲೂ ಮನಸ್ಸಿಲ್ಲ.

ಇದರ ಜಗಳದ ಕಥೆಯೇ ಮಜಾ. ಸಾಮಾನ್ಯವಾಗಿ ಆರ್ಕಿಟೆಕ್ಟ್ ಏನೋ ಹೊಸದು ತರುತ್ತಾನೆ, ಉಳಿದವರು ಬೇಡ ಅಂತ ಕೂಗುತ್ತಾರೆ, ಅಲ್ವಾ? ಇಲ್ಲಿ ಉಲ್ಟಾ. ಜರ್ಮನಿ ಒಂದಾದ ಮೇಲೆ ಈ ಹಳೇ ಕಟ್ಟಡವನ್ನು ಸಂಸತ್ತಿಗೆ ಹೊಸದಾಗಿ ಸಜ್ಜು ಮಾಡಲು ಒಂದು ಸ್ಪರ್ಧೆ ನಡೆಯಿತು. ಅದಕ್ಕೆ ಬ್ರಿಟಿಷ್ ಆರ್ಕಿಟೆಕ್ಟ್ ನಾರ್ಮನ್ ಫಾಸ್ಟರ್ ಮೊದಲು ಕೊಟ್ಟ ನಕ್ಷೆಯಲ್ಲಿ ಗುಮ್ಮಟವೇ ಇರಲಿಲ್ಲ, ಇಡೀ ಕಟ್ಟಡಕ್ಕೆ ಚಪ್ಪರ ಹಾಕಿದ ಹಾಗೆ ಒಂದು ದೊಡ್ಡ ಚಾವಣಿ ಇತ್ತು. ಖರ್ಚು ಜಾಸ್ತಿ ಅಂತ ಆ ನಕ್ಷೆಯನ್ನು ಕೈಬಿಟ್ಟರು. ಗುಮ್ಮಟ ಬೇಕೇ ಬೇಕು ಅಂತ ಹಟ ಹಿಡಿದವರು ರಾಜಕಾರಣಿಗಳು. 1894ರ ಮೂಲ ಕಟ್ಟಡಕ್ಕೆ ಒಂದು ಗುಮ್ಮಟ ಇತ್ತು. 1933ರ ಬೆಂಕಿ, ಆಮೇಲೆ ಯುದ್ಧ, ಎರಡರಲ್ಲೂ ಹಾಳಾಗಿ ಉಳಿದಿದ್ದನ್ನು 1954ರಲ್ಲಿ ಕೆಡವಿದ್ದರು. ಕೆಲವರಿಗೆ ಅದೇ ವಾಪಸ್ ಬೇಕಿತ್ತು. (ಆ ಹಳೇದೂ ಉಕ್ಕು, ಗಾಜಿನದ್ದೇ!) ಫಾಸ್ಟರ್ ಒಲ್ಲದ ಮನಸ್ಸಿನಿಂದಲೇ ಒಪ್ಪಿದರು, ಆದರೆ ನಕಲು ಮಾಡಲಿಲ್ಲ. ಇಷ್ಟು ಸಾಲದು ಅಂತ, ಅದೇ ಸ್ಪರ್ಧೆಯಲ್ಲಿದ್ದ ಸ್ಪೇನ್‌ನ ಆರ್ಕಿಟೆಕ್ಟ್ ಕಲಾತ್ರಾವಾ ಇದು ತಮ್ಮ ಐಡಿಯಾ ಅಂತ ತಕರಾರು ತೆಗೆದರು. ಕೊನೆಗೆ 1999ರಲ್ಲಿ ಬಾಗಿಲು ತೆರೆಯಿತು.

ನನ್ನ ಸಿಟ್ಟು ಇಳಿದಿದ್ದು ಒಳಗೆ ಹೋದಮೇಲೆ. ನಡುವೆ 360 ಕನ್ನಡಿಗಳ ದೊಡ್ಡ ಶಂಕು ಇದೆ. ಅದು ಹಗಲಿನ ಬೆಳಕನ್ನು ಕೆಳಗಿನ ಸಭಾಂಗಣಕ್ಕೆ ಇಳಿಸುತ್ತದೆ, ಸಭಾಂಗಣದ ಬಿಸಿ ಗಾಳಿ ಅದರೊಳಗಿಂದಲೇ ಹೊರಗೆ ಹೋಗುತ್ತದೆ, ಬಿಸಿಲು ನೇರ ಬೀಳದಂತೆ ಸೂರ್ಯನ ಜೊತೆ ತಿರುಗುವ ಮರೆಯೂ ಇದೆ. ಅಂದರೆ ಸುಮ್ನೆ ಕಿರೀಟ ಇಟ್ಟಿದ್ದಲ್ಲ, ಕೆಲಸಕ್ಕೆ ಬರುತ್ತದೆ. ಪ್ಯಾರಿಸ್‌ನ ಲೂವ್ರ್ ಮ್ಯೂಸಿಯಂ ಅಂಗಳದ ಗಾಜಿನ ಪಿರಮಿಡ್‌ಗೂ ಜನ ಕಡಿಮೆ ಬೈದಿರಲಿಲ್ಲ. ಆದರೆ ಅದು ಮ್ಯೂಸಿಯಂನ ಬಾಗಿಲು. ದಿನಾ ಬಳಸುವ ಬಾಗಿಲನ್ನು ಎಷ್ಟು ದಿನ ಬೈಯಲು ಸಾಧ್ಯ?

ಹತ್ತಲು ಒಂದು ಸುತ್ತುದಾರಿ, ಇಳಿಯಲು ಇನ್ನೊಂದು. ಆಡಿಯೋ ಗೈಡ್ ನೀವು ನಡೆದ ಹಾಗೆ ತಾನೇ ಮಾತಾಡುತ್ತದೆ.

ಒಪ್ಪದ ಮಾತು ಒಂದಿದೆ. ಪ್ರಜೆಗಳು ಸಂಸದರ ತಲೆ ಮೇಲೆ ನಡೆದಾಡುತ್ತಾ ಅವರ ಮೇಲೆ ಕಣ್ಣಿಡುತ್ತಾರೆ ಅಂತ ಇದನ್ನು ಬಣ್ಣಿಸುತ್ತಾರೆ. ಬಗ್ಗಿ ನೋಡಿದರೆ ಕಾಣುವುದು ಒಂದಿಷ್ಟು ನೀಲಿ ಕುರ್ಚಿ, ಉಳಿದದ್ದು ಗಾಜಿನಲ್ಲಿ ನಮ್ಮದೇ ಮುಖ. ನನ್ನನ್ನು ಕೇಳಿದರೆ, ಇದಕ್ಕಿಂತ ದಿಟ್ಟ ಕೆಲಸ ಕೆಳಗಿನ ಗೋಡೆಗಳಲ್ಲಿದೆ. 1945ರಲ್ಲಿ ಸೋವಿಯತ್ ಸೈನಿಕರು ಗೀಚಿದ ಬರಹಗಳನ್ನು ಅಳಿಸದೆ ಬಿಟ್ಟಿದ್ದಾರೆ, ಅದಕ್ಕೂ ಕೆಲವು ಸಂಸದರ ವಿರೋಧ ಇತ್ತು.

ಪ್ರವೇಶ ಉಚಿತ. ಮೊದಲೇ ಆನ್‌ಲೈನಲ್ಲಿ ಬುಕ್ ಮಾಡಿ, ಪಾಸ್‌ಪೋರ್ಟ್ ಮರೆಯಬೇಡಿ. ಗುಮ್ಮಟದ ತುದಿ ತೆರೆದೇ ಇರುತ್ತದೆ, ಚಳಿಗಾಲದಲ್ಲಿ ಜಾಕೆಟ್ ಬಿಚ್ಚುವ ಯೋಚನೆ ಬೇಡ.