ಬಾಗಲಕೋಟೆಯ ಬೀಜದ ಅಂಗಡಿ: ಮೂರು ಸ್ಟಾರ್, ಯಾಕಂದ್ರೆ ಶೇಂಗಾ ಮಲಗಿತ್ತು

ಮೊದಲು ಒಂದೇ ಸ್ಟಾರ್ ಕೊಡೋಣ ಅಂತಿದ್ದೆ. ಅಂಗಡಿಯ ಹೆಸರು ಬೇಡ.

ಮೇ ಕೊನೆಗೆ ಅಲ್ಲಿಂದ ಬಳ್ಳಿ ಶೇಂಗಾ ಬೀಜ ತಂದೆ. ಲೂಸ್ ಚೀಲ, ಲೇಬಲ್ ಇಲ್ಲ. ಕಾಳು ಮಾತ್ರ ದಪ್ಪ, ಒಂದಕ್ಕೂ ಹುಳ ಬಿದ್ದಿರಲಿಲ್ಲ, ದರವೂ ಜಾಸ್ತಿ ಅನ್ನಿಸಲಿಲ್ಲ. ಬಿತ್ತುವ ಮುಂಚೆ 100 ಕಾಳು ಎಣಿಸಿ ಒದ್ದೆ ಗೋಣಿತಾಟಿನಲ್ಲಿ ಸುತ್ತಿಟ್ಟೆ. ಎಂಟನೇ ದಿನ ಬಿಚ್ಚಿದರೆ ಮೊಳಕೆ ಬಂದಿದ್ದು ಬರೀ 31! ಸತ್ತ ಬೀಜ ಕೊಟ್ಟು ಕಳಿಸಿದ್ದಾರೆ ಅಂತ ಸಿಟ್ಟು ಬಂದು ಗೋಣಿತಾಟಿನ ಸಮೇತ ಅಂಗಡಿಗೇ ಹೋದೆ.

ಗಲ್ಲೆಯ ಮೇಲಿದ್ದ ಅಜ್ಜಾರು ಒಂದು ಕಾಳು ಚಿವುಟಿ ನೋಡಿದರು. "ಸತ್ತಿಲ್ಲೋ ತಮ್ಮಾ, ಇನ್ನಾ ನಿದ್ದ್ಯಾಗ ಐತಿ. ಸತ್ತಿದ್ರ ಕೊಳೀತಿತ್ತು. ಬ್ಯಾಸಗಿ ಬೆಳಿ, ಕಿತ್ತು ಮೂರು ವಾರ ಆಗೇತಿ ಅಷ್ಟ."

"ಅಜ್ಜಾರ, ಅದನ್ನ ಕೊಡುವಾಗ ಹೇಳಬೇಕಲ್ರೀ?" ಅಂದೆ. ಅದಕ್ಕೆ ಉತ್ತರ ಬರಲಿಲ್ಲ.

ತಪ್ಪಿಸಿಕೊಳ್ಳೋ ಮಾತು ಅಂದುಕೊಂಡೇ ಮನೆಗೆ ಬಂದು ಓದಿದೆ. ಅಜ್ಜಾರು ಹೇಳಿದ್ದು ಖರೆ. ಬಳ್ಳಿ ಶೇಂಗಾದ, ಅಂದರೆ ವರ್ಜೀನಿಯಾ ಜಾತಿಯ, ಹೊಸ ಕಾಳಿಗೆ ಹುಟ್ಟಿನಿಂದಲೇ ನಿದ್ದೆ ಇರುತ್ತದೆ, ಅಂದರೆ ಜೀವ ಇದ್ದರೂ, ನೀರು ಸಿಕ್ಕರೂ ಸ್ವಲ್ಪ ಕಾಲ ಮೊಳೆಯುವುದಿಲ್ಲ. ಟಿಎಂವಿ-2 ತಳಿಯ ತರಹದ, ಹರಡದೆ ಗುಂಪಾಗಿ ಬೆಳೆಯುವ ಗೆಜ್ಜೆ ಶೇಂಗಾಕ್ಕೆ ಅದು ಇಲ್ಲವೇ ಇಲ್ಲ ಅನ್ನಬಹುದು. ಕೀಳುವ ಹೊತ್ತಿಗೆ ಮಳೆ ಹಿಡಿದರೆ ಗೆಜ್ಜೆ ಶೇಂಗಾ ಮಣ್ಣಲ್ಲೇ ಮೊಳೆಯುವುದು ಇದಕ್ಕೇ, ಎರಡು ವರ್ಷದ ಹಿಂದೆ ನಮ್ಮ ಹೊಲದಲ್ಲೂ ಹಾಗೇ ಆಗಿ ಅರ್ಧ ಕಾಯಿ ದನಕ್ಕೆ ಹಾಕಿದ್ದೆವು. ಆಗ ಈ ನಿದ್ದೆ ಇದ್ದಿದ್ರೆ ಚೆನ್ನಾಗಿತ್ತು, ಅಲ್ವಾ? ತಳಿ ಮಾಡುವವರಿಗೂ ಬೇಕಿರುವುದು ಅದೇ: ಗೆಜ್ಜೆಗೆ ಎರಡು ಮೂರು ವಾರದ ನಿದ್ದೆ ಸಾಕು, ಅದಕ್ಕಿಂತ ಜಾಸ್ತಿ ಆದರೆ ನನ್ನ ಗೋಣಿತಾಟಿನ ಕಥೆ.

ಶೇಂಗಾಕ್ಕೆ 40 ವರ್ಣತಂತು (ಜೀನ್‌ಗಳನ್ನು ಹೊತ್ತ ಕ್ರೋಮೋಸೋಮ್), ಎರಡು ಕಾಡು ಗಿಡಗಳಿಂದ ಬಂದ ಎ ಮತ್ತು ಬಿ ಅನ್ನುವ ಎರಡು ಗುಂಪು. ಈ ನಿದ್ದೆಗೆ ಸಂಬಂಧಪಟ್ಟ ಎರಡು ಜಾಗಗಳನ್ನು ಹೈದರಾಬಾದ್ ಹತ್ತಿರದ ಬೆಳೆ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್‌ನವರು 2020ರಲ್ಲಿ ತೋರಿಸಿದರು, ಒಂದು ಬಿ ಗುಂಪಿನ ಐದನೇ ವರ್ಣತಂತುವಿನಲ್ಲಿ (ಬಿ05), ಇನ್ನೊಂದು ಎ ಗುಂಪಿನ ಒಂಬತ್ತನೆಯದರಲ್ಲಿ (ಎ09). ಅಲ್ಲಿ ಅನುಮಾನ ಬಿದ್ದ ಜೀನ್‌ಗಳಲ್ಲಿ ಒಂದು ಅಬ್ಸಿಸಿಕ್ ಆಮ್ಲ ಅನ್ನುವ ಗಿಡದ ಹಾರ್ಮೋನು ತಯಾರಾಗುವ ದಾರಿಯಲ್ಲಿ ಕೆಲಸ ಮಾಡುವಂಥದ್ದು. ಆ ಆಮ್ಲ ಕಾಳನ್ನು ಮಲಗಿಸುತ್ತದೆ, ಎಥಿಲೀನ್ ಅನ್ನುವ ಅನಿಲ ಎಬ್ಬಿಸುತ್ತದೆ. ಅವತ್ತು ಅಂಗಡಿಯಲ್ಲಿ ಅಜ್ಜಾರು "ಎಥ್ರೆಲ್ ಕೊಡ್ಲೇನು?" ಅಂತ ಒಂದು ಔಷಧಿ ಕೇಳಿದ್ದು ಸುಮ್ನೆ ಅಲ್ಲ ಅಂತ ಆಗ ತಿಳಿಯಿತು, ಅದರಿಂದ ಎಥಿಲೀನ್ ಬರುತ್ತದೆ. ನಾನು ಮಾತ್ರ ಇನ್ನೊಂದು ಬಾಟಲಿ ಮಾರೋ ಉಪಾಯ ಅಂದುಕೊಂಡು ಬೇಡ ಅಂದಿದ್ದೆ.

ಜೂನ್ ಕೊನೆಗೆ ಮತ್ತೆ 100 ಕಾಳು ಇಟ್ಟೆ. 82 ಬಂತು. ಬಿತ್ತಿದೆ.

ಒಂದು ಸ್ಟಾರ್ ಕಡಿಮೆ, ಲೇಬಲ್ ಇಲ್ಲದ ಚೀಲಕ್ಕೆ. ಪ್ರಮಾಣಿತ ಬೀಜ ಆಗಿದ್ರೆ ಕನಿಷ್ಠ 70 ಪರ್ಸೆಂಟ್ ಮೊಳಕೆ ಇರಲೇಬೇಕು, ಪರೀಕ್ಷೆ ಮಾಡಿದ ತಾರೀಖೂ ಇರುತ್ತದೆ. ಇನ್ನೊಂದು ಕಡಿಮೆ, ಯಾವಾಗ ಕಿತ್ತದ್ದು ಅಂತ ಹೇಳದೇ ಇದ್ದದ್ದಕ್ಕೆ. ಸೀಮೆಸುಣ್ಣದಲ್ಲಿ ಚೀಲದ ಮೇಲೆ ಬರೆದಿದ್ರೂ ನಡೀತಿತ್ತು. ಅಂದಹಾಗೆ ಅಂಗಡಿ ಮುಂದೆ ಟ್ರ್ಯಾಕ್ಟರ್ ನಿಲ್ಲಿಸೋಕೆ ಜಾಗ ಇಲ್ಲ, ಬೆಳಿಗ್ಗೆ ಬೇಗ ಹೋಗಿ.